ಅಮೆರಿಕದ ಸೈನಿಕರ ಬಾಡಿಗೆ ಭತ್ಯೆ ಊರಿನ ಬಾಡಿಗೆಗೆ ಸಾಲುತ್ತಿದೆಯೇ? ಲೆಕ್ಕ ಹಾಕಿ ನೋಡುವ ಬಗೆ

ಅಮೆರಿಕದ ಸೇನೆಯಲ್ಲಿರುವವರ ಮನೆಗಳಲ್ಲಿ ಡಿಸೆಂಬರ್ ನಡುವಿನ ಹೊತ್ತಿಗೆ ಒಂದೇ ಪ್ರಶ್ನೆ: ಬರುವ ವರ್ಷದ ಬಿಎಎಚ್ ಎಷ್ಟು? ಬೇಸಿಕ್ ಅಲೊವನ್ಸ್ ಫಾರ್ ಹೌಸಿಂಗ್ ಎಂಬ ಈ ಭತ್ಯೆಯ ದರಪಟ್ಟಿ ಆಗ ಹೊರಬೀಳುತ್ತದೆ, ಜನವರಿ 1ರಿಂದ ಜಾರಿಗೆ ಬರುತ್ತದೆ. ಪಟ್ಟಿ ಬಂದ ದಿನವೇ ‘ಇಷ್ಟಕ್ಕೆ ಈ ಊರಲ್ಲಿ ಮನೆ ಎಲ್ಲಿ ಸಿಗುತ್ತದೆ’ ಎಂಬ ತಕರಾರೂ ಏಳುತ್ತದೆ. ತಕರಾರು ನಿಜವಿರಬಹುದು, ಇಲ್ಲದಿರಲೂಬಹುದು. ಕಟ್ಟುವ ಬಾಡಿಗೆಯನ್ನು ಬರುವ ಭತ್ಯೆಯ ಪಕ್ಕ ಇಟ್ಟು ನೋಡಿದ ಮಾತ್ರಕ್ಕೆ ಅದು ತಿಳಿಯುವುದಿಲ್ಲ.

ಏಕೆಂದರೆ ಎರಡರ ನಡುವಿನ ಅಂತರಕ್ಕೆ ಕಾರಣ ಒಂದೇ ಅಲ್ಲ. ಸಂಬಳದ ಚೀಟಿಯಲ್ಲಿ ತಪ್ಪು ಜಿಪ್ ಕೋಡ್ (ಅಮೆರಿಕದ ಅಂಚೆ ಪಿನ್ ಸಂಖ್ಯೆ) ಕೂತಿರಬಹುದು. ದರ್ಜೆಗೆ ಗೊತ್ತುಮಾಡಿದ್ದಕ್ಕಿಂತ ದೊಡ್ಡ ಮನೆ ಹಿಡಿದಿರಬಹುದು. ರಕ್ಷಣಾ ಇಲಾಖೆ ಬೇಕೆಂದೇ ಸೈನಿಕರ ತಲೆಗೆ ಬಿಟ್ಟ ಪಾಲು ಅದಾಗಿರಬಹುದು. ದರ ಗೊತ್ತುಮಾಡಲು ಇಲಾಖೆ ನಡೆಸುವ ಬಾಡಿಗೆ ಸಮೀಕ್ಷೆಯಾದ ಮೇಲೆ ಬಾಡಿಗೆ ಏರಿರಬಹುದು. ಇವೆಲ್ಲ ಕಳೆದ ಮೇಲೂ ಉಳಿದರೆ, ಆ ಊರಿನ ದರ ಗೊತ್ತುಮಾಡಿದ್ದೇ ಸರಿಯಿಲ್ಲ ಎನ್ನಲು ಆಧಾರ ಸಿಗುತ್ತದೆ. ಪರಿಶೀಲನೆ ಎಂದರೆ ಅಂತರವನ್ನು ಹೀಗೆ ಬಿಡಿಸುತ್ತಾ ಹೋಗುವುದು.

ಇಲ್ಲಿ ಹೇಳುವುದು ಅಲಾಸ್ಕಾ, ಹವಾಯಿ ಸೇರಿದಂತೆ ಅಮೆರಿಕದೊಳಗಿನ ನೆಲೆಗಳ ಮಾತು. ಹೊರದೇಶದ ನೆಲೆಗಳಿಗೆ ಒಎಚ್‌ಎ ಎಂಬ ಬೇರೆ ಭತ್ಯೆಯಿದೆ. ಅಲ್ಲಿ ಒಂದು ಮಿತಿಯವರೆಗೆ ನಿಜವಾಗಿ ಕಟ್ಟಿದ ಬಾಡಿಗೆಯನ್ನೇ ಕೊಡುವುದರಿಂದ ಈ ಲೆಕ್ಕ ಹೊಂದುವುದಿಲ್ಲ.

ಮೊದಲು, ಆ ಅಂಕಿ ಏನನ್ನು ಅಳೆಯುತ್ತದೆ

ಬಿಎಎಚ್ ದರ ಮೂರು ವಿಷಯಗಳ ಮೇಲೆ ನಿಂತಿದೆ: ವೇತನ ದರ್ಜೆ, ಕೆಲಸದ ನೆಲೆಯ ಜಿಪ್ ಕೋಡ್, ಅವಲಂಬಿತರು ಇದ್ದಾರೋ ಇಲ್ಲವೋ ಎಂಬುದು. ಮಕ್ಕಳು ಒಬ್ಬರೇ ಇರಲಿ, ನಾಲ್ವರಿರಲಿ, ದರ ಒಂದೇ. ಎಲ್ಲಿ ವಾಸ ಎಂಬುದೂ ಲೆಕ್ಕಕ್ಕಿಲ್ಲ. ನಲವತ್ತು ಮೈಲಿ ದೂರದ ಅಗ್ಗದ ಊರಿನಲ್ಲಿ ಮನೆ ಮಾಡಿದರೂ ನೆಲೆಯ ಜಿಪ್‌ನ ದರವೇ ಸಿಗುತ್ತದೆ. ಜಿಪ್‌ಗಳನ್ನು ಒಟ್ಟುಗೂಡಿಸಿ ಸುಮಾರು 300 ಸೇನಾ ವಸತಿ ಪ್ರದೇಶಗಳನ್ನು ಮಾಡಿದ್ದಾರೆ. ಇವಕ್ಕೆ ಎಂಎಚ್‌ಎ ಎನ್ನುತ್ತಾರೆ. ಒಂದು ಎಂಎಚ್‌ಎ ಒಳಗೆ ಎಲ್ಲ ಜಿಪ್‌ಗೂ ಒಂದೇ ದರ.

ಪ್ರತಿ ಎಂಎಚ್‌ಎಯಲ್ಲಿ ಆರು ಬಗೆಯ ಮನೆಗಳ ಖರ್ಚನ್ನು ಅಳೆಯುತ್ತಾರೆ: ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಎರಡು ಬೆಡ್‌ರೂಮಿನ ಟೌನ್‌ಹೌಸ್ ಅಥವಾ ಡ್ಯೂಪ್ಲೆಕ್ಸ್ (ಪಕ್ಕದ ಮನೆಯೊಡನೆ ಗೋಡೆ ಹಂಚಿಕೊಂಡ ಮನೆ), ಮೂರು ಬೆಡ್‌ರೂಮಿನದ್ದು ಅದೇ, ಮೂರು ಬೆಡ್‌ರೂಮಿನ ಬಿಡಿ ಮನೆ, ನಾಲ್ಕು ಬೆಡ್‌ರೂಮಿನ ಬಿಡಿ ಮನೆ. ಕೆಲವು ದರ್ಜೆಗಳನ್ನು ಈ ಮನೆಗಳಿಗೆ ನೇರವಾಗಿ ಕಟ್ಟಿಹಾಕಲಾಗಿದೆ. ದರ್ಜೆಯ ಹೆಸರಿನಲ್ಲಿ ‘ಇ’ ಎಂದರೆ ಸಾಮಾನ್ಯ ಸೈನಿಕರು, ‘ಡಬ್ಲ್ಯು’ ಎಂದರೆ ವಾರಂಟ್ ಅಧಿಕಾರಿಗಳು, ‘ಒ’ ಎಂದರೆ ಅಧಿಕಾರಿಗಳು. ಅವಲಂಬಿತರಿಲ್ಲದ ಇ-4ಗೆ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಅವಲಂಬಿತರಿಲ್ಲದ ಒ-1ಗೆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಅವಲಂಬಿತರಿರುವ ಇ-5ಗೆ ಎರಡು ಬೆಡ್‌ರೂಮಿನ ಟೌನ್‌ಹೌಸ್, ಇ-6ಗೆ ಮೂರು ಬೆಡ್‌ರೂಮಿನ ಟೌನ್‌ಹೌಸ್, ಡಬ್ಲ್ಯು-3ಗೆ ಮೂರು ಬೆಡ್‌ರೂಮಿನ ಬಿಡಿ ಮನೆ, ಒ-5ಗೆ ನಾಲ್ಕು ಬೆಡ್‌ರೂಮಿನ ಬಿಡಿ ಮನೆ. ಉಳಿದ ದರ್ಜೆಗಳ ದರ ಈ ಗೂಟಗಳ ನಡುವೆ ಎಲ್ಲೋ ಬೀಳುತ್ತದೆ. ಇ-1ರಿಂದ ಇ-4ರವರೆಗೆ ಎಲ್ಲರಿಗೂ ಒಂದೇ ದರ.

ಮನೆ ಖರ್ಚು ಎಂದರೆ ಆ ಬಗೆಯ ಮನೆಗಳ ಬಾಡಿಗೆಯ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತ), ಅದರ ಜೊತೆ ಕರೆಂಟ್, ಚಳಿಗಾಲದ ಬಿಸಿ, ನೀರು ಮತ್ತು ಒಳಚರಂಡಿಯ ಸರಾಸರಿ ಖರ್ಚು. ಇಂಟರ್ನೆಟ್, ಫೋನ್ ಸೇರಿಲ್ಲ. ಬಾಡಿಗೆದಾರರ ವಿಮೆ ಮೊದಲು ಸೇರಿತ್ತು, 2015ರಲ್ಲಿ ಕೈಬಿಟ್ಟರು. ಸ್ವಂತ ಮನೆ ಕೊಂಡವರ ಸಾಲದ ಕಂತು, ಆಸ್ತಿ ತೆರಿಗೆ, ಬಡಾವಣೆ ಸಂಘದ ಶುಲ್ಕ ಯಾವುದಕ್ಕೂ ಈ ಲೆಕ್ಕದಲ್ಲಿ ಜಾಗವಿಲ್ಲ. ಸಾಲದ ಬಡ್ಡಿ ಏರಿದ್ದನ್ನು ತೋರಿಸಿ ಬಿಎಎಚ್ ಸಾಲದು ಎನ್ನುವ ಅರ್ಜಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆ.

ಸೈನಿಕರನ್ನೇ ಕೇಳಿ ದರ ಗೊತ್ತುಮಾಡಬಾರದೇಕೆ ಎಂದು ಹಲವರು ಕೇಳುತ್ತಾರೆ. 1998ಕ್ಕೆ ಮೊದಲು ಇದ್ದ ವಿಎಚ್‌ಎ ಭತ್ಯೆ ಹಾಗೆಯೇ ನಡೆಯುತ್ತಿತ್ತು. ದುಬಾರಿ ಊರಿನಲ್ಲಿ ಭತ್ಯೆ ಸಾಲದೆ ಜನ ಕಳಪೆ ಮನೆಗೆ ಇಳಿಯುತ್ತಿದ್ದರು. ಅವರು ಬರೆದುಕೊಟ್ಟ ಖರ್ಚು ಕಡಿಮೆಯಾಗುತ್ತಿತ್ತು, ಅದನ್ನು ನೋಡಿ ಮುಂದಿನ ದರವೂ ಕೆಳಗೇ ಉಳಿಯುತ್ತಿತ್ತು. ಮಾರುಕಟ್ಟೆಯ ಬಾಡಿಗೆಯನ್ನೇ ಅಳೆಯುವ ಈಗಿನ ಪದ್ಧತಿ ಆ ಸುಳಿಯಿಂದ ಹೊರಬರಲು ಮಾಡಿಕೊಂಡದ್ದು. ನಿಮ್ಮ ಪರಿಶೀಲನೆಯೂ ಅದೇ ದಾರಿ ಹಿಡಿಯಬೇಕು. ಸಹೋದ್ಯೋಗಿಗಳ ಬಾಡಿಗೆ ಪಟ್ಟಿ ಮಾಡುವುದು ಸುಲಭ, ಆದರೆ ಅದು ಪುರಾವೆಯಾಗುವುದಿಲ್ಲ.

ಸಂಬಳದ ಚೀಟಿ ನೋಡಿ

ಎಲ್‌ಇಎಸ್ ಎನ್ನುವ ತಿಂಗಳ ಸಂಬಳದ ಚೀಟಿಯಲ್ಲಿ ಬಿಎಎಚ್ ಮೊತ್ತದ ಜೊತೆ ಇನ್ನೆರಡು ಕಡೆ ಕಣ್ಣಾಡಿಸಿ. ‘ವಿಎಚ್‌ಎ ಜಿಪ್’ ಎಂಬ ಕಲಂನಲ್ಲಿ ದರಕ್ಕೆ ಬಳಸಿದ ಜಿಪ್ ಇರುತ್ತದೆ. ‘ಬಿಎಕ್ಯು ಟೈಪ್’ ಎಂಬಲ್ಲಿ ಅವಲಂಬಿತರ ಸ್ಥಿತಿ ಇರುತ್ತದೆ. ಭತ್ಯೆಗಳ ಹೆಸರು ಬದಲಾಗಿ ದಶಕಗಳಾದರೂ ಚೀಟಿಯ ಕಲಂಗಳಿಗೆ ಹಳೆಯ ಹೆಸರೇ ಉಳಿದಿದೆ, ಗಾಬರಿ ಬೇಡ.

ವರ್ಗಾವಣೆಯಾಗಿ ಬಂದ ಮೊದಲ ತಿಂಗಳುಗಳಲ್ಲಿ ಹಳೆಯ ನೆಲೆಯ ಜಿಪ್ ಹಾಗೆಯೇ ಮುಂದುವರಿಯುವುದು ಸಾಮಾನ್ಯ ತಪ್ಪು. ಮದುವೆ, ಮಗುವಿನ ಜನನ, ವಿಚ್ಛೇದನದ ಕಾಗದ ದಾಖಲಾಗದಿರುವುದು ಇನ್ನೊಂದು. ರಕ್ಷಣಾ ಇಲಾಖೆಯ ಪ್ರವಾಸ ನಿರ್ವಹಣಾ ಕಚೇರಿಯ ಜಾಲತಾಣದಲ್ಲಿ ಬಿಎಎಚ್ ಲೆಕ್ಕಯಂತ್ರವಿದೆ. ವರ್ಷ, ಜಿಪ್, ದರ್ಜೆ ಕೊಟ್ಟರೆ ಅವಲಂಬಿತರಿದ್ದಾಗ ಮತ್ತು ಇಲ್ಲದಾಗಿನ ಎರಡೂ ದರ ಬರುತ್ತವೆ. ಚೀಟಿಯ ಮೊತ್ತ ಅದಕ್ಕೆ ತಾಳೆಯಾಗದಿದ್ದರೆ ಮಾರುಕಟ್ಟೆ ಸಮೀಕ್ಷೆ ಮಾಡುವ ಮೊದಲು ಹಣಕಾಸು ಕಚೇರಿಗೆ ಹೋಗಿ.

ಚೀಟಿಯಲ್ಲಿ ಪಟ್ಟಿಗಿಂತ ಹೆಚ್ಚು ಇದ್ದರೆ ಅದು ದರ ರಕ್ಷಣೆಯ ಫಲವಿರಬಹುದು. ಊರಿನ ದರ ಇಳಿದರೂ ಆಗಲೇ ಅಲ್ಲಿರುವವರಿಗೆ ಹಳೆಯ ದರ ಉಳಿಯುತ್ತದೆ. ವರ್ಗಾವಣೆಯಾದರೆ, ದರ್ಜೆ ಇಳಿದರೆ, ಅವಲಂಬಿತರ ಸ್ಥಿತಿ ಬದಲಾದರೆ ಆ ರಕ್ಷಣೆ ಹೋಗುತ್ತದೆ. ಒಂದೇ ದರ್ಜೆಯ ಇಬ್ಬರು ನೆರೆಯವರಿಗೆ ಬೇರೆ ಬೇರೆ ಮೊತ್ತ ಬರುವುದು ಹೀಗೆ. ಊರಿನ ದರ ಪರಿಶೀಲಿಸುವಾಗ ಈಗ ಪಟ್ಟಿಯಲ್ಲಿರುವ ದರವನ್ನೇ ಬಳಸಿ, ರಕ್ಷಿತ ದರವನ್ನಲ್ಲ.

ಬಾಡಿಗೆಗಳನ್ನು ಕಲೆಹಾಕುವುದು

ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲಿ, ತಪ್ಪುಗಳ ಮುಕ್ಕಾಲು ಪಾಲೂ ಇಲ್ಲೇ.

ನಿಮ್ಮ ದರ್ಜೆಗೆ ಹತ್ತಿರದ ಗೂಟ ಯಾವುದೋ ಆ ಒಂದು ಬಗೆಯ ಮನೆ ಆರಿಸಿಕೊಳ್ಳಿ. ಅವಲಂಬಿತರಿರುವ ಇ-7 ಆದರೆ ಮೂರು ಬೆಡ್‌ರೂಮಿನ ಟೌನ್‌ಹೌಸ್ ಮತ್ತು ಮೂರು ಬೆಡ್‌ರೂಮಿನ ಬಿಡಿ ಮನೆ ಎರಡನ್ನೂ ಅಳೆಯಬೇಕು, ಏಕೆಂದರೆ ದರ ಅವೆರಡರ ನಡುವೆ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇ-5 ಕುಟುಂಬ ಮೂರು ಬೆಡ್‌ರೂಮಿನ ಬಿಡಿ ಮನೆಗಳನ್ನು ಹುಡುಕಿ ‘ಭತ್ಯೆ ಐನೂರು ಡಾಲರ್ ಕಡಿಮೆ’ ಎನ್ನುವುದು. ಇಬ್ಬರು ಮಕ್ಕಳಿರುವವರಿಗೆ ಮೂರು ಕೋಣೆ ಬೇಕೆನ್ನುವುದು ನ್ಯಾಯವೇ ಇರಬಹುದು. ಆದರೆ ಅದು ಯಾವ ದರ್ಜೆಗೆ ಯಾವ ಮನೆ ಎಂಬ ನಿಯಮದ ಮೇಲಿನ ಜಗಳ, ಊರಿನ ದರದ ಮೇಲಿನದ್ದಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಬಿದ್ದುಹೋಗುತ್ತವೆ.

ಬಾಡಿಗೆ ಜಾಹೀರಾತುಗಳನ್ನು ಇಡೀ ಎಂಎಚ್‌ಎಯಿಂದ ತೆಗೆದುಕೊಳ್ಳಿ. ನೆಲೆಯ ಗೇಟಿನ ಪಕ್ಕದ ಒಂದೇ ಜಿಪ್‌ನಿಂದ ತೆಗೆದರೆ ಅಲ್ಲಿನ ಬೇಡಿಕೆ ಲೆಕ್ಕವನ್ನು ಎಳೆದುಬಿಡುತ್ತದೆ. ಗುರಿ ಒಂದು ಬಗೆಯ ಮನೆಗೆ 30 ಜಾಹೀರಾತು. ಸಣ್ಣ ಊರಾದರೆ 12ಕ್ಕೆ ತೃಪ್ತಿಪಡಬೇಕಾಗಬಹುದು, ಆಗ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ.

ಪಟ್ಟಿಯಿಂದ ಹೊರಗಿಡಬೇಕಾದವು: ಸಾಮಾನು ಸಜ್ಜಾದ ಮನೆ, ತಿಂಗಳ ಲೆಕ್ಕದ ಅಥವಾ ಸೀಸನ್ ಬಾಡಿಗೆ, ಮೊಬೈಲ್ ಹೋಮ್, ಸ್ಟುಡಿಯೋ, ಒಂದು ಕೋಣೆ ಮಾತ್ರ ಕೊಡುವವರು, ಹಿರಿಯರಿಗೆ ಮೀಸಲಾದ ವಸತಿ, ಆದಾಯಮಿತಿಯ ಸಹಾಯಧನದ ವಸತಿ. ಇಲಾಖೆಯ ಸಮೀಕ್ಷೆಯೂ ಇಂಥವನ್ನು ಬಿಡುತ್ತದೆ. ಮನುಷ್ಯರು ವಾಸಿಸಲು ಯೋಗ್ಯವಲ್ಲದ ಮನೆಯನ್ನೂ ತೆಗೆಯಿರಿ, ಆದರೆ ‘ನನಗೆ ಹಿಡಿಸಲಿಲ್ಲ’ ಎಂಬ ಕಾರಣಕ್ಕೆ ಅಗ್ಗದ ಮನೆ ಅಳಿಸಬೇಡಿ. ಅಲ್ಲಿಂದಲೇ ಲೆಕ್ಕ ಮೇಲಕ್ಕೆ ಜಾರತೊಡಗುತ್ತದೆ.

ಸೇನಾ ನೆಲೆಯೊಳಗಿನ ಖಾಸಗಿ ನಿರ್ವಹಣೆಯ ಮನೆಗಳೂ ಬೇಡ. ಅಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ಬಿಎಎಚ್‌ಗೇ ಸರಿಹೊಂದಿಸಿರುತ್ತಾರೆ. ಬಿಎಎಚ್‌ನಿಂದ ಹುಟ್ಟಿದ ಬಾಡಿಗೆಯನ್ನು ಬಿಎಎಚ್ ಜೊತೆ ಹೋಲಿಸಿದರೆ ಉತ್ತರ ಯಾವಾಗಲೂ ‘ಸರಿಯಿದೆ’ ಎಂದೇ ಬರುತ್ತದೆ. ನೆಲೆಯ ಹೊರಗೂ ಇದರ ನೆರಳಿದೆ: ಸೈನಿಕರೇ ಹೆಚ್ಚಾಗಿರುವ ಊರುಗಳಲ್ಲಿ ಕೆಲವು ಮಾಲೀಕರು ಪಟ್ಟಿ ನೋಡಿಕೊಂಡೇ ಬಾಡಿಗೆ ಹೇಳುತ್ತಾರೆ. ಜಾಹೀರಾತಿನ ಮೊತ್ತ ಯಾವುದೋ ದರ್ಜೆಯ ಬಿಎಎಚ್‌ಗೆ ಡಾಲರ್ ಲೆಕ್ಕದಲ್ಲಿ ಹೊಂದಿದರೆ ಪಕ್ಕದಲ್ಲೊಂದು ಗುರುತು ಹಾಕಿಕೊಳ್ಳಿ. ತೆಗೆದುಹಾಕಬೇಕಿಲ್ಲ, ಅದೂ ಮಾರುಕಟ್ಟೆಯೇ. ಆದರೆ ಅಂಥವು ಕಾಲುಭಾಗ ದಾಟಿದರೆ ವರದಿಯಲ್ಲಿ ಹೇಳಿಬಿಡಿ.

ಪ್ರತಿ ಸಾಲಿಗೂ ವಿಳಾಸ, ಜಿಪ್, ಬೆಡ್‌ರೂಮು, ಮನೆಯ ಬಗೆ, ಬಾಡಿಗೆ, ಜಾಹೀರಾತು ನೋಡಿದ ತಾರೀಖು ಬರೆದಿಡಿ. ಬಾಡಿಗೆಯಲ್ಲೇ ಸೇರಿರುವ ಸೌಲಭ್ಯಗಳಿಗೆ ಬೇರೆ ಕಲಂ ಬೇಕು. ನೀರು, ಕರೆಂಟ್ ಸೇರಿದ ಬಾಡಿಗೆಗೆ ಮತ್ತೆ ಅದೇ ಖರ್ಚು ಕೂಡಿಸುವುದು ಪದೇಪದೇ ಆಗುವ ಎಡವಟ್ಟು. ಒಂದೇ ಮನೆ ನಾಲ್ಕು ತಾಣಗಳಲ್ಲಿ ಕಾಣಿಸುತ್ತದೆ, ವಿಳಾಸ ನೋಡಿ ಒಂದೇ ಉಳಿಸಿ. ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದ ಇಪ್ಪತ್ತು ಖಾಲಿ ಮನೆಗಳು ನಿಮ್ಮ 30ರಲ್ಲಿ 20 ಆಗದಂತೆ, ಒಂದು ಸಮುಚ್ಚಯದಿಂದ ಎರಡು ಮೂರು ಸಾಕು.

ರಿಯಾಯಿತಿ ಇದ್ದರೆ ಹರಡಿ ಲೆಕ್ಕ ಹಾಕಿ. ತಿಂಗಳಿಗೆ 2,400 ಡಾಲರ್, ಹನ್ನೆರಡು ತಿಂಗಳ ಕರಾರಿನಲ್ಲಿ ಒಂದು ತಿಂಗಳು ಉಚಿತ ಎಂದರೆ ನಿಜವಾದ ಬಾಡಿಗೆ 2,200. ಇದಕ್ಕೆ ವಿರುದ್ಧವಾಗಿ, ಕಸ ವಿಲೇವಾರಿ, ಕೀಟನಾಶಕ, ಕಡ್ಡಾಯ ಸೌಲಭ್ಯ ಶುಲ್ಕ ಎಂದು ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ಪ್ರತ್ಯೇಕ ಕಲಂನಲ್ಲಿಟ್ಟು, ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ತೋರಿಸಿ. ಸಾಕುಪ್ರಾಣಿಯ ಶುಲ್ಕ, ಗ್ಯಾರೇಜು ನಿಮ್ಮ ಆಯ್ಕೆ, ಅವನ್ನು ಬಿಡಿ.

ಕರೆಂಟ್, ಬಿಸಿ, ನೀರು

ಹನ್ನೆರಡು ತಿಂಗಳ ಬಿಲ್ ಕೂಡಿಸಿ ಹನ್ನೆರಡರಿಂದ ಭಾಗಿಸಬೇಕು, ಅಡ್ಡದಾರಿ ಇಲ್ಲ. ಅಲಾಸ್ಕಾದ ಫೋರ್ಟ್ ವೇನ್‌ರೈಟ್‌ನಲ್ಲಿ ಜನವರಿಯ ಬಿಸಿ ಖರ್ಚು, ಅರಿಜೋನಾದ ಯೂಮಾದಲ್ಲಿ ಜುಲೈನ ಎಸಿ ಬಿಲ್ ಹಿಡಿದು ಇಡೀ ವರ್ಷಕ್ಕೆ ಗುಣಿಸಿದರೆ ಲೆಕ್ಕ ನೂರಾರು ಡಾಲರ್ ತಪ್ಪುತ್ತದೆ. ಹಲವು ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳು ವಿಳಾಸ ಕೊಟ್ಟರೆ ಹಿಂದಿನ ವರ್ಷದ ತಿಂಗಳ ಸರಾಸರಿ ಹೇಳುತ್ತವೆ. ನಿಮ್ಮ ಪಟ್ಟಿಯಲ್ಲಿರುವ ಐದಾರು ಮನೆಗಳಿಗೆ ಹೀಗೆ ಕೇಳಿ ಸರಾಸರಿ ತೆಗೆದರೆ ಸಾಕು. ಎಣ್ಣೆ ಅಥವಾ ಪ್ರೊಪೇನ್‌ನಿಂದ ಬಿಸಿ ಮಾಡುವ ಮನೆಗಳಲ್ಲಿ ತಿಂಗಳ ಬಿಲ್ ಇರುವುದಿಲ್ಲ, ಟ್ಯಾಂಕ್ ತುಂಬಿಸಿದ ರಸೀದಿಗಳನ್ನು ವರ್ಷಕ್ಕೆ ಕೂಡಿಸಬೇಕು.

ಲೆಕ್ಕ

ಸರಾಸರಿ ಬೇಡ, ಮಧ್ಯಾಂಕ ಬೇಕು. ಬಾಡಿಗೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 30 ಇದ್ದರೆ 15 ಮತ್ತು 16ನೆಯದರ ನಡುವಿನ ಮೊತ್ತ ಮಧ್ಯಾಂಕ. ನದಿ ದಂಡೆಯ ಎರಡು ಐಷಾರಾಮಿ ಮನೆಗಳು ಸರಾಸರಿಯನ್ನು ಎತ್ತಿಬಿಡುತ್ತವೆ, ಮಧ್ಯಾಂಕವನ್ನು ಅಲುಗಾಡಿಸಲಾರವು.

ಇನ್ನು ಇಲಾಖೆ ಬೇಕೆಂದೇ ಬಿಟ್ಟ ಪಾಲು. 2000ದ ಸುಮಾರಿಗೆ ಸೈನಿಕರು ಮನೆ ಖರ್ಚಿನ ಐದರಲ್ಲೊಂದು ಪಾಲನ್ನು ಕೈಯಿಂದ ಹಾಕುತ್ತಿದ್ದರು. ಅದನ್ನು ಹಂತಹಂತವಾಗಿ ಇಳಿಸಿ 2005ಕ್ಕೆ ಸೊನ್ನೆಗೆ ತಂದರು. ಆದರೆ 2015ರಿಂದ ವರ್ಷಕ್ಕೆ ಶೇ. 1ರಂತೆ ಮತ್ತೆ ಏರಿಸಿ, 2019ರಿಂದ ಶೇ. 5ಕ್ಕೆ ನಿಲ್ಲಿಸಿದ್ದಾರೆ. ಈ ಶೇ. 5 ನಿಮ್ಮ ಊರಿನ ಖರ್ಚಿನದ್ದಲ್ಲ, ಆ ದರ್ಜೆಯ ರಾಷ್ಟ್ರೀಯ ಸರಾಸರಿ ಖರ್ಚಿನದ್ದು. ಹಾಗಾಗಿ ಒಂದು ದರ್ಜೆ ಮತ್ತು ಅವಲಂಬಿತರ ಸ್ಥಿತಿಗೆ ದೇಶವೆಲ್ಲ ಒಂದೇ ಡಾಲರ್ ಮೊತ್ತ ಕಳೆಯುತ್ತಾರೆ. 2025ರಲ್ಲಿ ಅದು ತಿಂಗಳಿಗೆ 88ರಿಂದ 202 ಡಾಲರ್‌ವರೆಗೆ ಇತ್ತು. ಅಗ್ಗದ ಊರಿನವರಿಗೆ ಇದು ಶೇ. 5ಕ್ಕಿಂತ ಹೆಚ್ಚಿನ ಹೊರೆ, ದುಬಾರಿ ಊರಿನವರಿಗೆ ಕಡಿಮೆ. ಇದರ ಮೇಲೆ ಅಸಮಾಧಾನವಿದ್ದರೆ ಕೇಳಬೇಕಾದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು, ಊರಿನ ವಸತಿ ಕಚೇರಿಯನ್ನಲ್ಲ.

ಒಂದು ಕಲ್ಪಿತ ಲೆಕ್ಕ ನೋಡಿ. 30 ಟೌನ್‌ಹೌಸ್‌ಗಳ ಮಧ್ಯಾಂಕ ಬಾಡಿಗೆ 1,850 ಡಾಲರ್, ಕರೆಂಟ್ ಬಿಸಿ ನೀರು 240, ಒಟ್ಟು 2,090. ಪಟ್ಟಿಯ ಬಿಎಎಚ್ 1,920. ಕೈಯಿಂದ ಹಾಕಬೇಕಾದ ಪಾಲು 120 ಎಂದಿಟ್ಟುಕೊಳ್ಳಿ. ಅಂತರ 170, ಅದರಲ್ಲಿ 120 ಕಳೆದರೆ ವಿವರಣೆಯಿಲ್ಲದೆ ಉಳಿಯುವುದು 50 ಡಾಲರ್.

ಈ 50 ನಿಜವೋ, ಆರಿಸಿದ ಮನೆಗಳ ಆಕಸ್ಮಿಕವೋ? ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಜೋಡಿಸಿದ 30 ಬಾಡಿಗೆಗಳಲ್ಲಿ 10ನೆಯದು ಮತ್ತು 21ನೆಯದನ್ನು ನೋಡಿ. ಮಾದರಿ ಪಕ್ಷಪಾತವಿಲ್ಲದೆ ಆರಿಸಿದ್ದಾದರೆ ಊರಿನ ನಿಜವಾದ ಮಧ್ಯಾಂಕ ಸುಮಾರು ಶೇ. 95ರ ಭರವಸೆಯಲ್ಲಿ ಅವೆರಡರ ನಡುವೆ ಇರುತ್ತದೆ. 20 ಮನೆಗಳಿದ್ದರೆ 6 ಮತ್ತು 15ನೆಯದು, 12 ಇದ್ದರೆ 3 ಮತ್ತು 10ನೆಯದು. ನಮ್ಮ ಉದಾಹರಣೆಯಲ್ಲಿ 10ನೆಯದು 1,780, 21ನೆಯದು 1,940 ಆಗಿದ್ದರೆ ಒಟ್ಟು ಖರ್ಚಿನ ಅಂದಾಜು 2,020ರಿಂದ 2,180. ಬಿಎಎಚ್ ಮತ್ತು ಪಾಲು ಕೂಡಿದರೆ 2,040, ಅದರೊಳಗೇ ಬಿತ್ತು. ಈ 50 ಡಾಲರ್ ಹಿಡಿದು ದೂರು ಬರೆಯುವಂತಿಲ್ಲ. ಕೂಡಿದ ಮೊತ್ತ 2,020ಕ್ಕಿಂತ ಕೆಳಗೆ ಬಿದ್ದಿದ್ದರೆ ಮಾತೇ ಬೇರೆ.

ಕಾಲದ ಅಂತರ

ಬಾಡಿಗೆಗಳನ್ನು ಇಲಾಖೆ ವಸಂತ ಮತ್ತು ಬೇಸಿಗೆಯಲ್ಲಿ ಕಲೆಹಾಕುತ್ತದೆ, ದರ ಮುಂದಿನ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಅಂದರೆ ಅಕ್ಟೋಬರ್‌ನಲ್ಲಿ ಕೈಗೆ ಬರುವ ಭತ್ಯೆಯ ಹಿಂದೆ ಒಂದು ವರ್ಷಕ್ಕೂ ಹಳೆಯ ಬಾಡಿಗೆ ಇರುತ್ತದೆ. ಬಾಡಿಗೆ ಮೆಲ್ಲನೆ ಏರುವ ಕಾಲದಲ್ಲಿ ಇದು ಕಾಣುವುದಿಲ್ಲ. 2021ರಂತೆ ನೆಗೆದಾಗ ಎದ್ದು ಕಾಣುತ್ತದೆ. ಆ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 56 ಪ್ರದೇಶಗಳಿಗೆ, ಮರುವರ್ಷ ಅದೇ ತಿಂಗಳುಗಳಲ್ಲಿ 28 ಪ್ರದೇಶಗಳಿಗೆ ತಾತ್ಕಾಲಿಕ ಹೆಚ್ಚಳ ಕೊಡಬೇಕಾಯಿತು. 2023ರ ದರ ಸರಾಸರಿ ಶೇ. 12.1 ಏರಿತು.

ಆದ್ದರಿಂದ ಮೇ–ಜುಲೈನಲ್ಲಿ ಒಮ್ಮೆ, ಈಗ ಒಮ್ಮೆ, ಎರಡು ಸಲ ಪಟ್ಟಿ ಮಾಡಿ. ಮೇ–ಜುಲೈನ ನಿಮ್ಮ ಲೆಕ್ಕ ಮುಂದಿನ ಜನವರಿಯ ದರಕ್ಕೆ ಹೊಂದಿ, ಈಗಿನದ್ದು ಹೊಂದದಿದ್ದರೆ ಸಮೀಕ್ಷೆ ಸರಿಯೇ ಇತ್ತು, ಮಾರುಕಟ್ಟೆ ಓಡಿದೆ. ಎರಡೂ ಹೊಂದದಿದ್ದರೆ ಸಮೀಕ್ಷೆಯ ಮೇಲೆಯೇ ಪ್ರಶ್ನೆ ಎತ್ತಬಹುದು. ಅಂಥ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆ ಜಿಎಒ 2021ರ ಜನವರಿಯ ವರದಿಯಲ್ಲಿ, ಪ್ರದೇಶ ಮತ್ತು ಮನೆಯ ಬಗೆಗಳ ಜೋಡಿಗಳಲ್ಲಿ ಶೇ. 44ರಷ್ಟಕ್ಕೆ ಇಲಾಖೆ ತಾನೇ ಹಾಕಿಕೊಂಡ ಕನಿಷ್ಠ ಸಂಖ್ಯೆಯ ಮನೆಗಳು ಸಿಕ್ಕಿರಲಿಲ್ಲ ಎಂದು ಕಂಡುಕೊಂಡಿತ್ತು. ಟೌನ್‌ಹೌಸ್‌ಗಳೇ ಇಲ್ಲದ ಊರಿನಲ್ಲಿ ಟೌನ್‌ಹೌಸ್ ದರ ಹುಡುಕುವ ಕಷ್ಟ ನಿಮ್ಮದೂ ಹೌದು, ಇಲಾಖೆಯದೂ ಹೌದು.

ಇನ್ನೊಂದು ಅಂಕಿಯ ಜೊತೆ ತಾಳೆ

ವಸತಿ ಇಲಾಖೆ ಎಚ್‌ಯುಡಿ ಪ್ರತಿ ಅಕ್ಟೋಬರ್ 1ರಿಂದ ಜಾರಿಗೆ ಬರುವಂತೆ ಹೊರಡಿಸುವ ನ್ಯಾಯಯುತ ಮಾರುಕಟ್ಟೆ ಬಾಡಿಗೆಯಲ್ಲಿ ಕರೆಂಟ್, ನೀರು ಸೇರಿರುತ್ತದೆ, ಆದರೆ ಅದು 40ನೇ ಶತಕಾಂಕ, ಅಂದರೆ ನೂರರಲ್ಲಿ 40 ಬಾಡಿಗೆಗಳಷ್ಟೇ ಅದಕ್ಕಿಂತ ಕೆಳಗಿರುವ ಮೊತ್ತ, ಮಧ್ಯಾಂಕಕ್ಕಿಂತ ಕೆಳಗಿನದ್ದು. ಮನೆಯ ಬಗೆಯನ್ನೂ ಬೇರ್ಪಡಿಸುವುದಿಲ್ಲ, ಬೆಡ್‌ರೂಮು ಮಾತ್ರ ಎಣಿಸುತ್ತದೆ. ಹಾಗಾಗಿ ಅದು ಬಿಎಎಚ್‌ಗಿಂತ ಕಡಿಮೆ ಇದ್ದರೆ ಏನೂ ಸಾಬೀತಾಗದು. ಅಷ್ಟೇ ಬೆಡ್‌ರೂಮಿಗೆ ಆ ಕೆಳಮಟ್ಟದ ಅಂಕಿಯೇ ಬಿಎಎಚ್ ಮತ್ತು ಪಾಲು ಕೂಡಿದ ಮೊತ್ತವನ್ನು ಮೀರಿದರೆ ಅದು ಗಟ್ಟಿ ಸುಳಿವು.

ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆಯ ಐದು ವರ್ಷದ ಅಂದಾಜುಗಳನ್ನು ಹಲವರು ಉಲ್ಲೇಖಿಸುತ್ತಾರೆ. ಅದರಲ್ಲಿ ಹಳೆಯ ಕರಾರಿನಲ್ಲಿ ಕೂತ ಬಾಡಿಗೆದಾರರೂ ಇರುವುದರಿಂದ, ಬಾಡಿಗೆ ಏರುವ ಊರಿನಲ್ಲಿ ಅದು ಇಂದು ಮನೆ ಹುಡುಕುವವರ ಕಷ್ಟವನ್ನು ಕಡಿಮೆ ತೋರಿಸುತ್ತದೆ. ವರ್ಗವಾಗಿ ಬರುವ ಸೈನಿಕರು ಯಾವಾಗಲೂ ಹೊಸ ಬಾಡಿಗೆದಾರರೇ. ಈ ಕೆಲಸಕ್ಕೆ ಆ ಕೋಷ್ಟಕವನ್ನು ನಾವು ಶಿಫಾರಸು ಮಾಡುವುದಿಲ್ಲ.

ಎಲ್ಲಿಗೆ ಕೊಂಡೊಯ್ಯಬೇಕು

ನೆಲೆಯ ಸೇನಾ ವಸತಿ ಕಚೇರಿಗೆ. ಸಮೀಕ್ಷೆಗೆ ಸ್ಥಳೀಯ ಬಾಡಿಗೆಗಳ ಮಾಹಿತಿ ಕೊಡುವವರಲ್ಲಿ ಅವರೂ ಒಬ್ಬರು, ಯಾವ ಬಡಾವಣೆ ಯೋಗ್ಯ ಎಂದು ಹೇಳುವವರೂ ಅವರೇ. ಡಿಸೆಂಬರ್‌ನಲ್ಲಿ ಪಟ್ಟಿ ನೋಡಿ ಹೋದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಏಪ್ರಿಲ್ ಹೊತ್ತಿಗೆ ಹೋದರೆ ನಿಮ್ಮ 30 ವಿಳಾಸಗಳು ಆ ವರ್ಷದ ಮಾಹಿತಿಗೇ ಸೇರುವ ಸಾಧ್ಯತೆ ಇದೆ.

ಕೊಡಬೇಕಾದದ್ದು ಎರಡು ಪುಟ. ಮೊದಲನೆಯದರಲ್ಲಿ ಎಂಎಚ್‌ಎ ಹೆಸರು, ಮನೆಯ ಬಗೆ, ಎಷ್ಟು ಮನೆ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಮಧ್ಯಾಂಕ, ಮೇಲಿನ ಮತ್ತು ಕೆಳಗಿನ ಮಿತಿ, ತಿಂಗಳ ಸೌಲಭ್ಯ ಖರ್ಚು, ಬಿಎಎಚ್, ಪಾಲು, ಉಳಿದ ಅಂತರ. ಎರಡನೆಯದರಲ್ಲಿ ವಿಳಾಸವಾರು ಸಾಲುಗಳು, ಹೊರಗಿಟ್ಟವುಗಳ ಸಂಖ್ಯೆ ಮತ್ತು ಕಾರಣ. ಸೈನಿಕರ ಹೆಸರು, ಅವರ ಸಂಬಳದ ಚೀಟಿ, ಅವರು ವಾಸಿಸುವ ಮನೆಯ ವಿಳಾಸ ಸೇರಿಸಬೇಡಿ, ಅವು ಬೇಕಿಲ್ಲ. ಒಬ್ಬರ ಅರ್ಜಿಗಿಂತ ಘಟಕದ ಅಧಿಕಾರಿಯ ಸಹಿಯೊಡನೆ ಹೋದದ್ದು ಬೇಗ ಓಡಾಡುತ್ತದೆ. ಒಂದೇ ಬಗೆಯ ಮನೆಯ ಬದಲು ಎರಡು ಮೂರು ಬಗೆಗಳಲ್ಲಿ ಕೊರತೆ ತೋರಿಸಿದರೆ ಇನ್ನೂ ಗಟ್ಟಿ.

ಅದೇ ಕೋಷ್ಟಕವನ್ನು ಉಳಿಸಿಕೊಂಡು ಡಿಸೆಂಬರ್ ನಡುವೆ ಹೊಸ ದರ ಬಂದಾಗ ಬಿಎಎಚ್ ಮತ್ತು ಪಾಲಿನ ಎರಡು ಅಂಕಿ ಮಾತ್ರ ಬದಲಿಸಿ, ಉಳಿದ ಅಂತರ ಎಷ್ಟಾಯಿತು ನೋಡಿ. ಅದು ಮಿತಿಯೊಳಗೆ ಬಂದಿದ್ದರೆ ಕೆಲಸ ಮುಗಿಯಿತು. ಬಾರದಿದ್ದರೆ ಮುಂದಿನ ಏಪ್ರಿಲ್‌ಗೆ ಹೊಸ 30 ವಿಳಾಸ ಬೇಕು, ಹಳೆಯ ಸಾಲುಗಳನ್ನು ಮತ್ತೆ ಬಳಸುವಂತಿಲ್ಲ.